ಉಚಿತ, ಬಿಟ್ಟಿ, ವಾರಾನ್ನ, ದಾಸೋಹ: ವಿದ್ಯಾರ್ಥಿಪೋಷಣೆಯ ಕೆಲವು ಶಬ್ದಗಳ ವಿಚಾರ

ಕನ್ನಡದಲ್ಲಿ ‘ಉಚಿತ’ ಎಂಬ ಶಬ್ದವು ಬೆಲೆಯಿಲ್ಲದೆ ದೊರೆಯುವುದೆಂಬ ಅರ್ಥದಲ್ಲಿ ಬಳಕೆಯಾಗುತ್ತಿರುವುದು ವಾಚಕರೆಲ್ಲರಿಗೂ ವಿದಿತವಾದ ವಿಷಯವೇ. ಉಚಿತ ವಿದ್ಯಾರ್ಥಿನಿಲಯ, ಉಚಿತ ಪಠ್ಯಪುಸ್ತಕ, ಉಚಿತ ಊಟ ಎಂದು ನಾವು ದಿನವೂ ನುಡಿಯುತ್ತೇವೆ. ಆದರೆ ಸಂಸ್ಕೃತದಲ್ಲಿ ಈ ಶಬ್ದಕ್ಕೆ ಆ ಅರ್ಥವಿಲ್ಲ. ಧಾತುಪಾಠದಲ್ಲಿ ಸಮವಾಯಾರ್ಥಕವೆಂದು ಹೇಳಿರುವ ‘ಉಚ’ ಧಾತುವಿಗೆ ಕ್ತ ಪ್ರತ್ಯಯವು ಸೇರಿ ಸಿದ್ಧವಾದ ‘ಉಚಿತ’ಕ್ಕೆ ಹೊಂದಿಕೊಂಡದ್ದು, ತಕ್ಕದ್ದು, ಯೋಗ್ಯವಾದದ್ದು ಎಂಬುವೇ ಅರ್ಥಗಳು. ಹಿಂದೀ ಭಾಷೆಯವರು ಇಂದಿಗೂ ಈ ಅರ್ಥವನ್ನೇ ಇಟ್ಟುಕೊಂಡು, ಹಣವಿಲ್ಲದ್ದಕ್ಕೆ ‘ನಿಃಶುಲ್ಕ’ವೆಂದು ಬೇರೆ ಶಬ್ದವನ್ನು ಬಳಸುವರು. ಕನ್ನಡ ತೆಲುಗುಗಳಲ್ಲಿ ಮಾತ್ರ ‘ತಕ್ಕದ್ದು’ ಎಂಬ ಮಾತು ‘ಬೆಲೆಯಿಲ್ಲದ್ದು’ ಎಂಬ ಅರ್ಥಕ್ಕೆ ತಿರುಗಿತು.

ಈ ತಿರುವು ಹೇಗಾಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ನಡುಗನ್ನಡದ ಕಾವ್ಯಗಳಲ್ಲಿ ಅರಸನು ಬಂದವರಿಗೆ ಮರ್ಯಾದೆಗಾಗಿ ಕೊಡುವ ವಸ್ತ್ರಾಭರಣಾದಿಗಳನ್ನು ‘ಉಚಿತ’ವೆಂದು ಕರೆಯುವ ರೂಢಿಯಿದೆ. ಬಂದವನ ಯೋಗ್ಯತೆಗೆ ತಕ್ಕ ಸತ್ಕಾರವಾದ್ದರಿಂದ ಅದು ಉಚಿತ. ಆ ಸತ್ಕಾರದಲ್ಲಿ ಕೊಳ್ಳುವವನು ಬೆಲೆ ತೆರುವುದಿಲ್ಲವಷ್ಟೆ. ಕಾಲಕ್ರಮದಲ್ಲಿ ‘ಯೋಗ್ಯತೆ’ಯ ಅಂಶವು ಜಾರಿ ‘ಬೆಲೆಯಿಲ್ಲದಿರುವಿಕೆ’ಯ ಅಂಶವು ಉಳಿದುಕೊಂಡಿತೆಂದು ನನಗೆ ತೋರುವುದು. ಶಬ್ದವು ಉಳಿದು ಮರ್ಯಾದೆಯು ಹೋಯಿತು. ಮಕ್ಕಳಿಗೂ ಬಡ ಕುಟುಂಬಗಳಿಗೂ ಸಮಾಜವು ಅನ್ನವಸತಿಗಳನ್ನು ಕೊಡುತ್ತ ಬಂದ ಬಗೆಯನ್ನು ವಿಚಾರಿಸಹೊರಟವರು ಗಮನದಲ್ಲಿಡಬೇಕಾದ ಸಂಗತಿಯಿದು. ಏಕೆಂದರೆ ಇಲ್ಲಿ ಪ್ರಶ್ನೆಯು ಅನ್ನದ್ದಷ್ಟೇ ಅಲ್ಲ. ಅದನ್ನು ಉಣ್ಣುವ ಹುಡುಗನು ತಲೆ ಎತ್ತಿ ಉಣ್ಣುವನೋ ತಗ್ಗಿಸಿ ಉಣ್ಣುವನೋ ಎಂಬುದು.

‘ಉಚಿತ’ಕ್ಕೆ ಪ್ರತಿಯಾಗಿ ಜನರ ಬಾಯಲ್ಲಿರುವ ಮಾತು ‘ಬಿಟ್ಟಿ’. ಇದನ್ನು ‘ಬಿಡು’ ಧಾತುವಿನಿಂದ ಸಾಧಿಸುವವರುಂಟು. ಆದರೆ ಸಂಸ್ಕೃತದ ‘ವಿಷ್ಟಿ’ ಶಬ್ದದ ತದ್ಭವವೆಂಬ ಪಕ್ಷವೇ ಬಲವಾದದ್ದು. ವಿಷ್ಟಿಯೆಂದರೆ ಕೂಲಿಯಿಲ್ಲದೆ ಮಾಡಿಸುವ ಬಲಾತ್ಕಾರದ ದುಡಿಮೆ. ಶಾಸನಗಳಲ್ಲಿ ‘ಬಿಟ್ಟಿ’ಯು ಪ್ರಜೆಗಳ ಮೇಲಿನ ಹೊರೆಗಳಲ್ಲಿ ಒಂದಾಗಿ ಬರುವುದು. ‘ಬಿಟ್ಟಿ ಬೇಗಾರಿ’ ಎಂಬ ಜೋಡುನುಡಿಯಲ್ಲಿ ಆ ಮೂಲಾರ್ಥವು ಇಂದಿಗೂ ಉಳಿದಿದೆ. ಕೂಲಿಯಿಲ್ಲದ ಕೆಲಸವು ಬೆಲೆಯಿಲ್ಲದ ವಸ್ತುವಾಗಿ ಅರ್ಥಾಂತರವನ್ನು ಪಡೆದು, ‘ಬಿಟ್ಟಿ ಊಟ’ ಎಂಬ ನಿಂದೆಯ ಮಾತು ಹುಟ್ಟಿತು. ದುಡಿಸಿಕೊಂಡವನ ತಪ್ಪನ್ನು ಸೂಚಿಸುತ್ತಿದ್ದ ಶಬ್ದವು ಉಂಡವನ ತಪ್ಪನ್ನು ಸೂಚಿಸತೊಡಗಿದುದು ವಿಚಿತ್ರವೇ ಸರಿ.

ಅನ್ನಕ್ಕಾಗಿ ಓದುವವನನ್ನು ಹಳಿಯುವುದು ಹೊಸದೇನೂ ಅಲ್ಲ. ಮಹಾಭಾಷ್ಯದಲ್ಲಿ ಬರುವ ‘ಓದನಪಾಣಿನೀಯ’ರನ್ನು ವೈಯಾಕರಣರು ಬಲ್ಲರು. ಪಾಣಿನೀಯವನ್ನು ಅಭ್ಯಾಸಮಾಡುವವರಿಗೆ ಅನ್ನವು ದೊರೆಯುವುದೆಂದು ಆ ಶಾಸ್ತ್ರಕ್ಕೆ ಸೇರಿದವರು ಅವರು. ತುಪ್ಪಕ್ಕಾಗಿ ರೌಢೀಯರಾದವರೂ ಕಂಬಳಿಗಾಗಿ ಚಾರಾಯಣೀಯರಾದವರೂ ಅವರ ಜೊತೆಯಲ್ಲಿಯೇ ಇದ್ದಾರೆ. ಕ್ಷೇಪ, ಎಂದರೆ ನಿಂದೆಯು ತೋರುವಲ್ಲಿ ಸ್ವರನಿಯಮವನ್ನು ಹೇಳುವ ಆರನೆಯ ಅಧ್ಯಾಯದ ಸೂತ್ರಕ್ಕೆ ಕಾಶಿಕಾಕಾರರು ಕೊಟ್ಟಿರುವ ಉದಾಹರಣೆಗಳಲ್ಲಿ ‘ಭಿಕ್ಷಾಮಾಣವ’ನೂ ಒಬ್ಬ: ಭಿಕ್ಷೆ ಸಿಕ್ಕೀತೆಂದು ವಟುವಾದವನು. ಪಾಠಶಾಲೆಯಲ್ಲಿ ಈ ಸೂತ್ರವು ನಡೆದ ದಿನ ನಾವು ಹುಡುಗರು ಒಬ್ಬರನ್ನೊಬ್ಬರು ‘ಓದನಪಾಣಿನೀಯ’ ಎಂದು ಕರೆದು ನಕ್ಕದ್ದು ನೆನಪಿದೆ. ನಮ್ಮಲ್ಲಿ ಆ ಹೆಸರಿಗೆ ಪಾತ್ರನಲ್ಲದವನು ಒಬ್ಬನೂ ಇರಲಿಲ್ಲ! ಆದರೆ ಈ ಹಾಸ್ಯದಿಂದ ಚರಿತ್ರಕಾರರಿಗೆ ಸಿಕ್ಕುವ ಸಂಗತಿಯೊಂದಿದೆ. ಪತಂಜಲಿಯ ಕಾಲಕ್ಕಾಗಲೇ ಕೆಲವು ಗುರುಕುಲಗಳಲ್ಲಿ ಅನ್ನ, ತುಪ್ಪ, ಕಂಬಳಿಗಳು ವಿದ್ಯಾರ್ಥಿಗಳಿಗೆ ದೊರೆಯುತ್ತಿದ್ದುವು, ಬಡವರ ಮಕ್ಕಳು ಅವನ್ನು ನೋಡಿ ಗುರುವನ್ನು ಆರಿಸಿಕೊಳ್ಳುತ್ತಿದ್ದರು ಎಂಬುದೇ ಅದು.

ಧರ್ಮಶಾಸ್ತ್ರಕಾರರ ದೃಷ್ಟಿಯು ವೈಯಾಕರಣರ ಹಾಸ್ಯಕ್ಕಿಂತ ಸೂಕ್ಷ್ಮವಾದದ್ದು. ಬ್ರಹ್ಮಚಾರಿಯು ಭಿಕ್ಷಾನ್ನದಿಂದ ಜೀವಿಸಬೇಕು, ಒಬ್ಬನ ಅನ್ನವನ್ನೇ ಆಶ್ರಯಿಸಿಕೊಂಡಿರಬಾರದು, ಹಾಗೆ ಜೀವಿಸುವುದು ಉಪವಾಸಕ್ಕೆ ಸಮಾನವೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯವು ವಿಧಿಸುತ್ತದೆ. ಅದೇ ಅಧ್ಯಾಯದಲ್ಲಿ ಮೊದಲ ಭಿಕ್ಷೆಯನ್ನು ತಾಯಿಯನ್ನೋ ಸೋದರಿಯನ್ನೋ ತಾಯಿಯ ತಂಗಿಯನ್ನೋ, ಇಲ್ಲವೆ ತನ್ನನ್ನು ಅವಮಾನಪಡಿಸದಂಥ ಹೆಂಗಸನ್ನೋ ಬೇಡಬೇಕೆಂದಿದೆ. ಉಪನಯನದಲ್ಲಿ ತಾಯಿಯ ಮುಂದೆ ಕೈಯೊಡ್ಡುವ ವಟುವನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಆ ವಿಧಿಯ ಕಾರಣವನ್ನು ಸ್ಮೃತಿಕಾರನೇ ಬಾಯಿಬಿಟ್ಟು ಹೇಳಿರುವನೆಂಬುದನ್ನು ಮರೆತಿದ್ದೇವೆ. ಎಂಟು ವರ್ಷದ ಹುಡುಗನಿಗೆ ಬೇಡುವುದರಲ್ಲಿರುವ ನಾಚಿಕೆಯು ಆತನಿಗೆ ತಿಳಿದಿತ್ತು.

ಈ ಭಿಕ್ಷಾವಿಧಿಯೇ ಗೃಹಸ್ಥರ ನಡುವೆ ಬೇರೊಂದು ರೂಪವನ್ನು ತಾಳಿ ‘ವಾರಾನ್ನ’ವಾಯಿತೆಂದು ನನ್ನ ಅಭಿಪ್ರಾಯ. ಸಂಸ್ಕೃತದಲ್ಲಿ ವಾರವೆಂದರೆ ಸರದಿ. ಗ್ರಹಗಳ ಸರದಿಯಿಂದಲೇ ದಿನಗಳಿಗೆ ಆ ಹೆಸರು ಬಂದಿತು. (ಜಮೀನನ್ನು ವಾರಕ್ಕೆ ಕೊಡುವುದೆಂಬಲ್ಲಿಯ ‘ವಾರ’ವು ಪಾಲೆಂಬ ಅರ್ಥದ ದೇಶ್ಯಶಬ್ದ, ಅದು ಬೇರೆ.) ವಾರಾನ್ನದಲ್ಲಿ ಸರದಿಯೂ ಇದೆ, ದಿನವೂ ಇದೆ. ಬಡ ವಿದ್ಯಾರ್ಥಿಯು ಪಟ್ಟಣಕ್ಕೆ ಬಂದು ಏಳು ಮನೆಗಳನ್ನು ಗೊತ್ತುಮಾಡಿಕೊಂಡು ದಿನಕ್ಕೊಂದು ಮನೆಯಲ್ಲಿ ಉಣ್ಣುವನು. ಒಬ್ಬನ ಅನ್ನವನ್ನೇ ನೆಚ್ಚಬಾರದೆಂಬ ಸ್ಮೃತಿನಿಯಮವು ಹೀಗೆ ಪಾಲಿತವಾಯಿತು. ಯಾವ ಗೃಹಸ್ಥನಿಗೂ ಹೊರೆಯು ಹೆಚ್ಚಾಗಲಿಲ್ಲ. ಮರಾಠಿಯಲ್ಲಿಯೂ ‘ವಾರ ಲಾವೂನ್’ ಉಣ್ಣುವುದೆಂಬ ಇದೇ ರೂಢಿಯಿದ್ದಿತು. ಮನೆಮನೆಯಿಂದ ತಂದುಣ್ಣುವ ಮಾಧುಕರಿಯು ಅದರ ಸೋದರ. ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಕಳೆದ ಶತಮಾನದ ಪೂರ್ವಾರ್ಧದಲ್ಲಿ ಓದಿ ಮುಂದೆ ಬಂದವರ ಆತ್ಮಕಥೆಗಳಲ್ಲಿ ಈ ಮಾತು ಮೇಲಿಂದ ಮೇಲೆ ಕಾಣಿಸಿಕೊಳ್ಳುವುದು.

ನಮ್ಮ ತೀರ್ಥರೂಪರು ವಾರಾನ್ನದಲ್ಲಿ ಓದಿದವರು. ಗುರುವಾರದ ಮನೆಯ ಯಜಮಾನಿಯು ‘ಬಾರಪ್ಪ, ಕೈಕಾಲು ತೊಳಕೋ’ ಎನ್ನುತ್ತಿದ್ದಳಂತೆ. ಶನಿವಾರದ ಮನೆಯಲ್ಲಿ ‘ವಾರದ ಹುಡುಗ ಬಂದ’ ಎಂದು ಒಳಗಿನಿಂದ ಕೂಗು ಕೇಳಿಸುತ್ತಿತ್ತಂತೆ. ಎರಡು ಮನೆಗಳಲ್ಲಿಯೂ ಬಡಿಸುತ್ತಿದ್ದುದು ಅದೇ ಹುಳಿಯನ್ನ. ಆದರೆ ಅವರು ಎಪ್ಪತ್ತರ ಮೇಲೆಯೂ ಗುರುವಾರದ ಮನೆಯವರನ್ನು ಹೆಸರು ಹಿಡಿದು ನೆನೆಯುತ್ತಿದ್ದರು. ಶನಿವಾರದ ಮನೆಯವರ ಹೆಸರನ್ನು ಒಮ್ಮೆಯೂ ಹೇಳಲಿಲ್ಲ. ಆ ಮನೆಯಲ್ಲಿ ಊಟಕ್ಕೆ ಮೊದಲು ಬಾವಿಯಿಂದ ಇಪ್ಪತ್ತು ಕೊಡ ನೀರು ಸೇದಿ, ಅಂಗಡಿಗೆ ಹೋಗಿ ಬಂದು, ಯಜಮಾನರ ಮಗನಿಗೆ ಅಮರವನ್ನು ಒಪ್ಪಿಸಿಕೊಡಬೇಕಾಗಿತ್ತು. ‘ಬಿಟ್ಟಿ ಅನ್ನ’ವೆಂದು ಅವರು ಕರೆದದ್ದು ಕೂಲಿಯಿಲ್ಲದ ದುಡಿಮೆಯ ಮೇಲೆ ನಿಂತಿತ್ತು. ವಿಷ್ಟಿಶಬ್ದದ ಮೂಲಾರ್ಥವು ಆ ಮನೆಯ ಹಿತ್ತಲಿನಲ್ಲಿ ಸುರಕ್ಷಿತವಾಗಿಯೇ ಇತ್ತೆಂದು ಹೇಳಬೇಕು.

ವಾರಾನ್ನವನ್ನು ಹೊಗಳುವಾಗ ಇನ್ನೆರಡು ಸಂಗತಿಗಳನ್ನು ಮರೆಯುವುದು ನ್ಯಾಯವಲ್ಲ. ಅದು ಬಹುಮಟ್ಟಿಗೆ ಜಾತಿಯೊಳಗಿನ ಏರ್ಪಾಡು. ಬೇರೆ ಜಾತಿಯ ಹುಡುಗನಿಗೆ ಆ ಪಂಕ್ತಿಯಲ್ಲಿ ಎಡೆಯಿರಲಿಲ್ಲ. ಹೆಣ್ಣುಮಕ್ಕಳಿಗಂತೂ ವಾರಾನ್ನವೆಂಬುದೇ ಇರಲಿಲ್ಲ.

ಇನ್ನು ಮನೆಯನ್ನು ಬಿಟ್ಟು ಸಂಸ್ಥೆಗಳ ವಿಚಾರಕ್ಕೆ ಬರೋಣ. ಈ ವಿಷಯದಲ್ಲಿ ಕನ್ನಡನಾಡಿನ ಶಾಸನಗಳು ಸಮೃದ್ಧವಾಗಿವೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಸ್ತಂಭಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಶಕ ೮೬೭, ಎಂದರೆ ಕ್ರಿ. ಶ. ೯೪೫. ಅರಸನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರೆಂದೂ ಅವರ ವಾಸಕ್ಕೆ ೨೭ ಮನೆಗಳನ್ನು ಬಿಡಲಾಗಿತ್ತೆಂದೂ ಅದರಿಂದ ತಿಳಿಯುವುದು. ರಾತ್ರಿ ಓದುವ ದೀಪದೆಣ್ಣೆಗೆಂದೇ ಪ್ರತ್ಯೇಕವಾಗಿ ಭೂಮಿಯಿತ್ತು. ಇವೆಲ್ಲಕ್ಕಿಂತಲೂ ನನ್ನ ಗಮನವನ್ನು ಸೆಳೆದುದು ಊರವರು ತಾವಾಗಿಯೇ ಹಾಕಿಕೊಂಡ ಕಟ್ಟಳೆ. ಮನೆಯಲ್ಲಿ ಮದುವೆಯಾದರೆ ಐದು ನಾಣ್ಯ, ಮುಂಜಿಯಾದರೆ ಅದರ ಅರ್ಧ, ಚೌಲವಾದರೆ ಅದರ ಅರ್ಧ ಶಾಲೆಗೆ ಸಲ್ಲಬೇಕು. ತಮ್ಮ ಮಕ್ಕಳ ಶುಭಕಾರ್ಯದ ದಿನ ಪರದೇಶದ ಮಕ್ಕಳನ್ನು ನೆನೆಯುವ ಈ ಏರ್ಪಾಡನ್ನು ದಾನವೆನ್ನುವುದಕ್ಕಿಂತ ತೆರಿಗೆಯೆನ್ನುವುದು ಹೆಚ್ಚು ಸರಿ. ದಾನವು ಕೊಡುವವನ ಮನಸ್ಸಿಗೆ ಬಿಟ್ಟದ್ದು, ಇದು ಹಾಗಲ್ಲ.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನವು ಇನ್ನೂ ದೊಡ್ಡದು. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಮಂತ್ರಿಯಾದ ಮಧುಸೂದನನು ಕ್ರಿ. ಶ. ೧೦೫೮ರಲ್ಲಿ ಮಾಡಿದ ಏರ್ಪಾಡಿನಲ್ಲಿ ವೇದವನ್ನೋದುವ ೨೦೦ ವಿದ್ಯಾರ್ಥಿಗಳಿಗೂ ಶಾಸ್ತ್ರವನ್ನೋದುವ ೫೨ ವಿದ್ಯಾರ್ಥಿಗಳಿಗೂ ಅವರ ಉಪಾಧ್ಯಾಯರಿಗೂ ಜೀವನಕ್ಕೆ ದತ್ತಿಯುಂಟು. ಪುಸ್ತಕಗಳನ್ನು ಕಾಯುವ ಆರು ಮಂದಿ ಸರಸ್ವತೀಭಂಡಾರಿಗಳಿಗೂ ಉಂಟು. ಈ ಎರಡು ಸಂಸ್ಥೆಗಳೂ ವೈದಿಕವಿದ್ಯೆಯವಾದ್ದರಿಂದ ಅಲ್ಲಿಯ ಅನ್ನವು ಯಾರಿಗೆ ದೊರೆಯುತ್ತಿದ್ದಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಳ್ಳಿಗಾವೆಯ ಕೋಡಿಯಮಠದ ಬಗೆಯೇ ಬೇರೆ. ೧೧೬೨ರ ಶಾಸನವು ಆ ಮಠದ ವಿದ್ಯೆಗಳನ್ನು, ಎಂದರೆ ವೇದ, ಹಲವು ವ್ಯಾಕರಣಗಳು, ದರ್ಶನಗಳು, ಪುರಾಣ, ಕಾವ್ಯನಾಟಕಗಳನ್ನು ಉದ್ದವಾಗಿ ಎಣಿಸಿ, ಅಲ್ಲಿಗೇ ನಿಲ್ಲದೆ, ದೀನರು, ಅನಾಥರು, ಕುರುಡರು, ಕುಂಟರು, ಕಿವುಡರು ಮೊದಲಾದವರಿಗೆ ಅನ್ನವನ್ನೂ ರೋಗಿಗಳಿಗೆ ಚಿಕಿತ್ಸೆಯನ್ನೂ ಕೊಡುವ ಸ್ಥಾನವದು ಎಂದು ವರ್ಣಿಸುತ್ತದೆ. ಪಂಡಿತನಿಗೂ ಅನಾಥನಿಗೂ ಒಂದೇ ಅಡಿಗೆಮನೆಯಿದ್ದ ಇಂಥ ಮಠಗಳ ಪರಂಪರೆಯೇ ಆಂಧ್ರದ ಮಲ್ಕಾಪುರದಲ್ಲಿಯೂ ಕಾಣುವುದು. ಕಾಕತೀಯ ರುದ್ರಾಂಬೆಯ ಕಾಲದ, ಕ್ರಿ. ಶ. ೧೨೬೧ರ ಆ ಶಾಸನದಲ್ಲಿ ಶೈವಾಚಾರ್ಯ ವಿಶ್ವೇಶ್ವರಶಂಭುವು ಮಠ, ಸತ್ರ, ಆರೋಗ್ಯಶಾಲೆಗಳೊಡನೆ ಪ್ರಸೂತಿಶಾಲೆಯೊಂದನ್ನೂ ಏರ್ಪಡಿಸಿದನೆಂದಿದೆ. ಮಗುವಿನ ಪೋಷಣೆಯು ತಾಯಿಯಿಂದಲೇ ತೊಡಗಬೇಕೆಂಬ ಅರಿವು ಹದಿಮೂರನೆಯ ಶತಮಾನದ್ದೇ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ?

ಸತ್ರಶಬ್ದದ ವಿಷಯವಾಗಿ ಒಂದು ಮಾತು. ‘ಸತ್ರ’ವು ತಮಿಳಿನಲ್ಲಿ ‘ಚತ್ತಿರಂ’ ಆಗಿ ನಮ್ಮಲ್ಲಿಗೆ ‘ಛತ್ರ’ವಾಗಿ ಬಂದಿದೆ, ಕೊಡೆಯೆಂಬರ್ಥದ ‘ಛತ್ರ’ಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ವಿದ್ಯಾರ್ಥಿಯೆಂಬರ್ಥದ ‘ಛಾತ್ರ’ನಿಗೂ ಕೊಡೆಗೂ ಸಂಬಂಧವುಂಟೆಂದು ಪಾಣಿನೀಯರು ಹೇಳುವರು. ಗುರುವು ಕೊಡೆಯಂತೆ ಶಿಷ್ಯನನ್ನು ಕಾಯುವನು, ಶಿಷ್ಯನು ಕೊಡೆಯಂತೆ ಗುರುವನ್ನು ಕಾಯಬೇಕು ಎಂಬುದು ಭಾಷ್ಯದ ಭಾವ. ಛತ್ರದಲ್ಲಿ ಉಂಡು ಬೆಳೆದ ಛಾತ್ರರಿಗೆ ಈ ಶ್ಲೇಷವು ಹಿತವಾಗಿಯೇ ಇರುವುದು.

ಶಬ್ದಚರಿತ್ರೆಯ ದೃಷ್ಟಿಯಿಂದ ಎಲ್ಲಕ್ಕಿಂತಲೂ ಅರ್ಥವತ್ತಾದುದು ‘ದಾಸೋಹ’. ‘ದಾಸಃ ಅಹಂ’ ಎಂಬೆರಡು ಪದಗಳ ವಾಕ್ಯವು ‘ದಾಸೋಽಹಂ’ ಎಂದು ಸಂಧಿಹೊಂದಿ, ಕನ್ನಡದಲ್ಲಿ ಅನುಸ್ವಾರವನ್ನು ಕಳೆದುಕೊಂಡು ನಾಮಪದವಾಯಿತು. ವಾಕ್ಯವೇ ನಾಮವಾಗುವುದು ಅಪೂರ್ವ. ಅದರಲ್ಲಿಯೂ ಉತ್ತಮಪುರುಷದ ವಾಕ್ಯವು! ವೇದಾಂತಿಗಳ ‘ಸೋಽಹಂ’ ಎಂಬುದಕ್ಕೆ ಎದುರಾಗಿ ಹನ್ನೆರಡನೆಯ ಶತಮಾನದ ಶರಣರು ಈ ಮಾತನ್ನು ನಿಲ್ಲಿಸಿದರು. ಇದರ ವಿಶೇಷವನ್ನು ವ್ಯಾಕರಣದಿಂದಲೇ ತಿಳಿಯಬಹುದು. ದಾನವೆಂಬ ಶಬ್ದದಲ್ಲಿ ಕೊಡುವವನು ಕರ್ತೃ, ಕೊಳ್ಳುವವನು ಸಂಪ್ರದಾನ; ಚತುರ್ಥೀವಿಭಕ್ತಿಯ ಕೈ ಯಾವಾಗಲೂ ಕೆಳಗೆ. ದಾಸೋಹದಲ್ಲಿ ಕೊಡುವವನು ತನ್ನನ್ನೇ ಸೇವಕನೆಂದು ಹೇಳಿಕೊಳ್ಳುತ್ತಾನೆ. ಉಣ್ಣುವವನ ಕುರಿತು ಆ ಶಬ್ದವು ಏನನ್ನೂ ಹೇಳುವುದಿಲ್ಲ. ಅದರ ಜೊತೆಗೆ ‘ಪ್ರಸಾದ’ವೆಂಬ ಮಾತು ಸೇರಿತು. ಪ್ರಸಾದವು ದೇವರದಾದ ಮೇಲೆ ಬಡಿಸಿದವನ ಋಣವೆಲ್ಲಿಂದ ಬಂದೀತು? ಮಠಗಳ ಉಚಿತ ವಿದ್ಯಾರ್ಥಿನಿಲಯಗಳಿಗೆ ‘ಪ್ರಸಾದನಿಲಯ’ವೆಂದು ಹೆಸರಿಟ್ಟವರು ಈ ಮರ್ಮವನ್ನು ಬಲ್ಲವರಾಗಿದ್ದರು.

ಇದು ಶಬ್ದದಲ್ಲಿ ಮಾತ್ರ ಉಳಿಯಲಿಲ್ಲ. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ೧೯೧೭ರಲ್ಲಿ ಸಂಸ್ಕೃತ ಪಾಠಶಾಲೆಯು ತೊಡಗಿತು. ೧೯೩೦ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ ೧೯೪೧ರಲ್ಲಿ ಮಠಾಧ್ಯಕ್ಷರಾದ ಶ್ರೀ ಶಿವಕುಮಾರಸ್ವಾಮಿಗಳು ೨೦೧೯ರಲ್ಲಿ ತೀರಿಕೊಳ್ಳುವವರೆಗೂ ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅಲ್ಲಿ ಅನ್ನ, ವಸತಿ, ವಿದ್ಯೆಗಳನ್ನು ಕೊಡುತ್ತ ಬಂದರು. ಸಂಸ್ಕೃತವು ಯಾರ ಸೊತ್ತೆಂಬ ವಾದಕ್ಕೆ ಆ ಪಾಠಶಾಲೆಯ ಪಂಕ್ತಿಯೇ ಉತ್ತರ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಥೆಯು ಇನ್ನೂ ಹೃದ್ಯವಾದದ್ದು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅಂಧಗಾಯಕ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗುತ್ತ ಸಂಗೀತವನ್ನು ಕಲಿಸಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ನಾಟಕಗಳನ್ನು ಬರೆದು, ನಾಟ್ಯಸಂಘವನ್ನು ನಡೆಸಿ, ಆ ಹಣದಿಂದ ಮಕ್ಕಳ ಅನ್ನಕ್ಕೆ ದಾರಿಮಾಡಿದರು. ವೃತ್ತಿರಂಗಭೂಮಿಯ ಚರಿತ್ರೆಯನ್ನು ಬರೆಯುವವರು ನಾಟಕಗಳ ಗುಣದೋಷಗಳನ್ನು ವಿಚಾರಿಸುವಾಗ, ಆ ರಂಗಭೂಮಿಯ ಒಂದು ಭಾಗವು ಅನಾಥಾಲಯದ ಅಕ್ಕಿಗಾಗಿ ನಡೆಯಿತೆಂಬುದನ್ನೂ ಗಣನೆಗೆ ತಂದುಕೊಳ್ಳಬೇಕು. ಅಲ್ಲಿ ಮಕ್ಕಳು ಉಂಡದ್ದು ಬಿಟ್ಟಿಯಲ್ಲ, ತಮ್ಮ ಗುರುಗಳ ದುಡಿಮೆಯನ್ನು.

ಮಠಗಳ ಹೊರಗೆ ನಡೆದ ಕಾರ್ಯವೂ ಚಿಕ್ಕದಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು (೧೮೫೯–೧೯೨೮) ೧೮೯೭ರಲ್ಲಿ ಸ್ಥಾಪಿಸಿದ ಸಂಸ್ಥೆಯು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆಗಳನ್ನು ತೆರೆಯಿತು. ಅದರ ಫಲವಾಗಿ ಅವರಿಗೆ ಸ್ವಜಾತಿಯ ಬಹಿಷ್ಕಾರವು ದೊರೆಯಿತು. ಹುಬ್ಬಳ್ಳಿಯಲ್ಲಿ ವೀರನಗೌಡ ಪಾಟೀಲ, ನಾಗಮ್ಮ ಪಾಟೀಲ ದಂಪತಿಗಳು ಹರಿಜನ ಬಾಲಿಕೆಯರಿಗೆ ಆಶ್ರಮವನ್ನು ನಡೆಸಿದರು. ವಾರಾನ್ನದ ಏಳು ಮನೆಗಳ ಬಾಗಿಲೂ ಮುಚ್ಚಿದ್ದವರಿಗೆ ಎಂಟನೆಯ ಮನೆಯನ್ನು ಕಟ್ಟಿದವರು ಇವರು.

ಈಗ ಆ ಕಾರ್ಯದ ಬಹುಭಾಗವು ಸರಕಾರದ ಕೈಗೆ ಬಂದಿದೆ. ೧೯೭೫ನೆಯ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ತೊಡಗಿದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಲ್ಲಿ ಆರಿಸಲ್ಪಟ್ಟುದು ತಿರುಮಕೂಡಲು ನರಸೀಪುರ. ಆರು ವರ್ಷದೊಳಗಿನ ಮಕ್ಕಳೊಡನೆ ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೆ ಸೇರಿದರು. ಮಲ್ಕಾಪುರದ ಆಚಾರ್ಯನ ಯೋಚನೆಯು ಏಳುನೂರು ವರ್ಷಗಳ ಮೇಲೆ ಹೀಗೆ ಮರಳಿತು. ೨೦೦೧ನೆಯ ನವೆಂಬರ್ ೨೮ರ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯು ಸರಕಾರದ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು ವಿಧಿಸಿತು. ಕರ್ನಾಟಕದಲ್ಲಿ ೨೦೦೨ನೆಯ ಜೂನ್ ೧ರಂದು ಈಶಾನ್ಯದ ಏಳು ಜಿಲ್ಲೆಗಳಲ್ಲಿ ಈ ಊಟವು ತೊಡಗಿ, ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. ಅದಕ್ಕೆ ಸರಕಾರವು ಇಟ್ಟ ಹೆಸರು ‘ಅಕ್ಷರ ದಾಸೋಹ’. ಶರಣರ ಶಬ್ದವನ್ನು ಸರಕಾರವು ಎತ್ತಿಕೊಂಡಾಗ ಸರಕಾರವೂ ‘ನಾನು ಸೇವಕನು’ ಎಂದು ಒಪ್ಪಿಕೊಂಡಂತಾಯಿತು. ಕಚೇರಿಗಳಲ್ಲಿ ಈ ವ್ಯುತ್ಪತ್ತಿಯು ಎಷ್ಟು ಮಂದಿಗೆ ತಿಳಿದಿದೆಯೋ! ೨೦೦೪ನೆಯ ಏಪ್ರಿಲ್ ೨೦ರ ಇನ್ನೊಂದು ಆಜ್ಞೆಯಲ್ಲಿ ಅಡಿಗೆಯವರ ನೇಮಕದಲ್ಲಿ ದಲಿತರಿಗೂ ಪರಿಶಿಷ್ಟ ವರ್ಗದವರಿಗೂ ಆದ್ಯತೆಯಿರಬೇಕೆಂದು ವಿಧಿಸಲಾಯಿತು. ಕೆಲವೆಡೆ ತಂದೆತಾಯಿಗಳು ಆ ಅಡಿಗೆಯನ್ನು ಮಕ್ಕಳಿಗೆ ಬೇಡವೆಂದದ್ದುಂಟು. ವಾರಾನ್ನದಲ್ಲಿ ಉಣ್ಣುವವನ ಜಾತಿಯನ್ನು ಕೇಳುತ್ತಿದ್ದರು. ಇಲ್ಲಿ ಬಡಿಸುವವಳ ಜಾತಿಯನ್ನು ಕೇಳಿದರು. ಮಕ್ಕಳಾದರೋ, ತಾವಾಗಿ ಕೇಳಿದವರಲ್ಲ.

೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯೂ ೨೦೧೩ರ ಆಹಾರಭದ್ರತೆಯ ಕಾಯಿದೆಯೂ ಬಂದ ಮೇಲೆ ಈ ಅನ್ನವಿದ್ಯೆಗಳು ಅನುಗ್ರಹವಾಗಿ ಉಳಿದಿಲ್ಲ, ಮಗುವಿಗೆ ಸಲ್ಲತಕ್ಕವಾಗಿವೆ. ಆ ಕಾಯಿದೆಯ ‘ಉಚಿತ ಮತ್ತು ಕಡ್ಡಾಯ’ ಎಂಬ ಕನ್ನಡ ನುಡಿಯಲ್ಲಿ ‘ಉಚಿತ’ಕ್ಕೆ ಬೆಲೆಯಿಲ್ಲದ್ದೆಂಬ ಅರ್ಥವನ್ನೇ ಎಲ್ಲರೂ ಮಾಡುವರು. ಆದರೆ ತಕ್ಕದ್ದು, ಸಲ್ಲತಕ್ಕದ್ದು ಎಂಬ ಧಾತ್ವರ್ಥವನ್ನು ಮಾಡಿದರೂ ವಾಕ್ಯವು ಕೆಡುವುದಿಲ್ಲ. ಕಾಯಿದೆಯ ಆಶಯಕ್ಕೆ ಅದೇ ಹತ್ತಿರವೆಂದು ನನ್ನ ಮತ. ಭಾಷಾಂತರಕಾರರು ತಿಳಿಯದೆಯೇ ಸರಿಯಾದ ಶಬ್ದವನ್ನು ಹಾಕಿದ್ದಾರೆ.

ನಾನು ಬಾಲ್ಯದಲ್ಲಿ ಉಂಡು ಓದಿದ ಪಾಠಶಾಲೆಯೊಂದರಲ್ಲಿ, ಅದರ ಹೆಸರು ಇಲ್ಲಿ ಬೇಡ, ದಾನಿಗಳು ಬಂದ ದಿನ ನಮ್ಮನ್ನು ಸಾಲಾಗಿ ನಿಲ್ಲಿಸಿ ‘ಇವರೆಲ್ಲ ಫ್ರೀ ಹುಡುಗರು’ ಎಂದು ತೋರಿಸುವ ವಾಡಿಕೆಯಿತ್ತು. ನಮಗೆ ಆ ದಿನ ಪಾಯಸವೂ ಇರುತ್ತಿತ್ತು. ಅದರ ರುಚಿಯು ಮರೆತುಹೋಗಿದೆ; ಸಾಲಿನಲ್ಲಿ ನನ್ನ ಪಕ್ಕದಲ್ಲಿದ್ದ ಹುಡುಗನು ಹರಿದ ಅಂಗಿಯ ಭಾಗವನ್ನು ಕೈಯಿಂದ ಮುಚ್ಚಿಕೊಂಡಿದ್ದುದು ಮರೆತಿಲ್ಲ.

ಕಡೆಯದಾಗಿ ಒಂದು ಶಬ್ದ. ಶಾಲೆಯ ಮಕ್ಕಳು ಈ ಊಟವನ್ನು ‘ಉಚಿತ’ವೆಂದೂ ಕರೆಯರು, ‘ದಾಸೋಹ’ವೆಂದೂ ಕರೆಯರು, ‘ಬಿಸಿಯೂಟ’ವೆನ್ನುವರು. ಬಿಸಿಯಾದ ಊಟ ಬಿಸಿಯೂಟ, ಕರ್ಮಧಾರಯ ಸಮಾಸ; ನಡುವೆ ಯಕಾರಾಗಮ. ಇದರಲ್ಲಿ ಕೊಟ್ಟವನೂ ಇಲ್ಲ, ಕೊಂಡವನೂ ಇಲ್ಲ, ಬೆಲೆಯ ಮಾತೂ ಇಲ್ಲ. ಕಳೆದ ವರ್ಷ ನಮ್ಮೂರ ಶಾಲೆಯ ಮುಂದೆ ಹಾದುಹೋಗುವಾಗ, ತಟ್ಟೆ ಹಿಡಿದು ನಿಂತಿದ್ದ ಹುಡುಗಿಯೊಬ್ಬಳನ್ನು ‘ಇವೊತ್ತು ಏನಮ್ಮ ಊಟ?’ ಎಂದು ಕೇಳಿದೆ. ‘ಬಿಸಿಯೂಟ ಅಜ್ಜಾ, ಸಾಂಬಾರು ಅನ್ನ, ನೀವೂ ಬರ್ರಿ’ ಎಂದು ಕರೆದಳು.